‘ನಾವು’ ಎನ್ನುವವರು ಯಾರು? ಐನು ಪರಂಪರೆ, ಪ್ರವಾಸೋದ್ಯಮ ಮತ್ತು ನದಿಯ ಹಕ್ಕು

ಅಲ್ಪಸಂಖ್ಯಾತ ಜನಾಂಗವೊಂದರ ಪರಂಪರೆಯನ್ನು ಉಳಿಸುವ ಹೊಣೆಯನ್ನು ಪ್ರಭುತ್ವವೇ ವಹಿಸಿಕೊಂಡಾಗ, ಕೊನೆಗೆ ಉಳಿಯುವುದು ಏನು? ಜಪಾನಿನ ಉತ್ತರ ದ್ವೀಪವಾದ ಹೊಕ್ಕೈಡೋದ ಮೂಲನಿವಾಸಿಗಳಾದ ಐನು ಜನರ ನಿದರ್ಶನವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಮುಂದಿಡುತ್ತದೆ.

2020ರ ಜುಲೈನಲ್ಲಿ ಅಲ್ಲಿನ ಶಿರಾವೊಯ್ ಪಟ್ಟಣದಲ್ಲಿ ‘ಉಪೊಪೊಯ್’ ಎಂಬ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಐನು ನುಡಿಯಲ್ಲಿ ಈ ಪದಕ್ಕೆ ಕೂಡಿ ಹಾಡುವುದು ಎಂದರ್ಥ. ಟೋಕಿಯೊ ಒಲಿಂಪಿಕ್ಸಿನ ಹೊತ್ತಿಗೆ ಇದು ಸಿದ್ಧವಾಗಬೇಕೆಂಬುದೂ ವರ್ಷಕ್ಕೆ ಹತ್ತು ಲಕ್ಷ ಸಂದರ್ಶಕರು ಬರಬೇಕೆಂಬುದೂ ಸರ್ಕಾರದ ಉದ್ದೇಶವಾಗಿತ್ತು. ಬಹುಸಂಸ್ಕೃತಿಯ ದೇಶವೆಂದು ಜಗತ್ತಿನೆದುರು ತೋರಿಸಿಕೊಳ್ಳುವ ಸಾಂಸ್ಕೃತಿಕ ರಾಜತಾಂತ್ರಿಕತೆ ಇಲ್ಲಿ ಸ್ಪಷ್ಟವಾಗಿದೆ.

ಇದನ್ನು ಬರಿಯ ಪ್ರದರ್ಶನವೆಂದು ತಳ್ಳಿಹಾಕುವುದು ಸರಿಯಲ್ಲ. ಐನುಗಳನ್ನು ಬೇಸಾಯಗಾರರನ್ನಾಗಿ ಮಾರ್ಪಡಿಸಿ ಜಪಾನೀಯರಲ್ಲಿ ಕರಗಿಸಲು ಹೊರಟ 1899ರ ಕಾಯಿದೆ ರದ್ದಾದದ್ದು 1997ರಲ್ಲಿ. ಅವರು ಮೂಲನಿವಾಸಿಗಳೆಂದು ಕಾಯಿದೆಯ ಮಾತಿನಲ್ಲಿ ದಾಖಲಾದದ್ದು 2019ರಲ್ಲಿ. ಇಂಥ ಚರಿತ್ರೆಯ ಎದುರು ವಸ್ತುಸಂಗ್ರಹಾಲಯವು ತನ್ನ ವಿವರಣೆಗಳಲ್ಲಿ ಐನು ನುಡಿಗೆ ಮೊದಲ ಸ್ಥಾನ ನೀಡಿರುವುದು, ‘ನಮ್ಮ ನುಡಿ’, ‘ನಮ್ಮ ಬದುಕು’, ‘ನಮ್ಮ ಚರಿತ್ರೆ’ ಎಂದು ಉತ್ತಮಪುರುಷದಲ್ಲಿ ಕಥನ ಕಟ್ಟಿರುವುದು ಸಣ್ಣ ಸಂಗತಿಯೇನಲ್ಲ.

ಆದರೆ ವಿಮರ್ಶೆಯ ಕೆಲಸ ಮೊದಲಾಗುವುದೇ ಈ ‘ನಾವು’ವಿನಿಂದ. ಐನು ಮೌಖಿಕ ಪರಂಪರೆಯಲ್ಲಿ ಉತ್ತಮಪುರುಷಕ್ಕೆ ವಿಶೇಷ ಅರ್ಥವಿದೆ. ಹತ್ತೊಂಬತ್ತರ ಹರೆಯದಲ್ಲಿ, 1922ರಲ್ಲಿ, ತೀರಿಕೊಂಡ ಚಿರಿ ಯುಕಿಯೆ ಸಂಗ್ರಹಿಸಿ ಅನುವಾದಿಸಿದ ಹದಿಮೂರು ದೇವಗೀತೆಗಳು ಮರುವರ್ಷ ಪ್ರಕಟವಾದವು. ಅಲ್ಲಿ ‘ನಾನು’ ಎನ್ನುವುದು ಮನುಷ್ಯನಲ್ಲ. ಗೂಬೆ, ನರಿ, ಕಪ್ಪೆಯಂಥ ಜೀವಿಗಳು. ಒಂದು ಗೀತೆಯಲ್ಲಿ ಗೂಬೆದೇವತೆ ಬರಗಾಲದ ಕಾರಣವನ್ನು ಅರಸುತ್ತದೆ. ಮನುಷ್ಯರು ಸಾಲ್ಮನ್ ಮೀನುಗಳನ್ನು ಕೊಳೆತ ಮರದ ತುಂಡಿನಿಂದ ಬಡಿದು ಅವಮಾನಿಸಿದ್ದರಿಂದ ಮೀನುಗಳ ಒಡೆಯನಾದ ದೇವತೆ ಅವುಗಳನ್ನು ಕಳುಹಿಸಲೊಲ್ಲದು. ಮೀನನ್ನು ಹಿಡಿಯುವ ಮರ್ಯಾದೆಯನ್ನು ಜನ ಮತ್ತೆ ಕಲಿತ ಮೇಲೆಯೇ ಬರ ನೀಗುತ್ತದೆ. ಕಾವ್ಯ ಇಲ್ಲಿ ಅಲಂಕಾರವಲ್ಲ. ನದಿಯೊಡನೆ ಮನುಷ್ಯನಿಗಿರುವ ಒಪ್ಪಂದ.

ಆ ಒಪ್ಪಂದದ ಇಂದಿನ ಸ್ಥಿತಿ ಏನು? ಮೇಜಿ ಕಾಲದಲ್ಲಿ ನದಿಗಳ ಸಾಲ್ಮನ್ ಬೇಟೆಗೆ ಬಿದ್ದ ನಿಷೇಧ ಐನುಗಳ ಬದುಕನ್ನೇ ಮುರಿಯಿತು. ಇಂದು ವಿಧಿ ಆಚರಣೆಗಾಗಿ ಮೀನು ಹಿಡಿಯಲು ರಾಜ್ಯಪಾಲರ ಅನುಮತಿ ಬೇಕು. ಉರಾಹೊರೊ ಪಟ್ಟಣದ ಐನು ಸಮುದಾಯವೊಂದು ನದಿಯಲ್ಲಿ ಸಾಲ್ಮನ್ ಹಿಡಿಯುವ ತನ್ನ ಪೂರ್ವಿಕರ ಹಕ್ಕನ್ನು ಕೋರಿ 2020ರಲ್ಲಿ, ಎಂದರೆ ಉಪೊಪೊಯ್ ಆರಂಭವಾದ ವರ್ಷವೇ, ದಾವೆ ಹೂಡಿತು. 2024ರ ಏಪ್ರಿಲ್‌ನಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಆ ಬೇಡಿಕೆಯನ್ನು ತಿರಸ್ಕರಿಸಿತು. 2019ರ ಕಾಯಿದೆಯಲ್ಲಿ ಸ್ಥಳೀಯ ಯೋಜನೆಗಳಿಗೆ, ಪ್ರವಾಸೋದ್ಯಮಕ್ಕೆ ಅನುದಾನದ ದಾರಿಯಿದೆ. ನೆಲ, ನದಿಗಳ ಮೇಲೆ ಸಾಮುದಾಯಿಕ ಹಕ್ಕಿಲ್ಲ.

ಹೀಗೆ ಪ್ರಭುತ್ವವು ಸಂಸ್ಕೃತಿಯನ್ನು ಎರಡಾಗಿ ಸೀಳಿದೆ. ನೋಡಲು ಬರುವ ಭಾಗ ಪರಂಪರೆಯೆನಿಸಿ ಮನ್ನಣೆ ಪಡೆಯುತ್ತದೆ. ಬದುಕಲು ಬೇಕಾದ ಭಾಗ ಆರ್ಥಿಕ ಬೇಡಿಕೆಯೆನಿಸಿ ಹೊರಗುಳಿಯುತ್ತದೆ. ಸಾಲ್ಮನ್ನಿನ ಹಾಡಿಗೆ ವೇದಿಕೆಯುಂಟು, ಹಾಡುವವನಿಗೆ ಸಾಲ್ಮನ್ ಇಲ್ಲ. ವಸ್ತುಸಂಗ್ರಹಾಲಯದ ‘ನಾವು’ ಹೇಳಿಕೊಳ್ಳಬಲ್ಲದು, ಕೇಳಿ ಪಡೆಯಲಾರದು.

ಪ್ರವಾಸೋದ್ಯಮವೇ ಕೇಡೆಂಬುದು ಇದರ ತಾತ್ಪರ್ಯವಲ್ಲ. ನುಡಿ, ಕುಣಿತಗಳನ್ನು ಕಲಿತ ಯುವಕರಿಗೆ ಅದರಿಂದ ಉದ್ಯೋಗ ದೊರೆತಿದೆ. ಆದರೆ ಸಂರಕ್ಷಣೆಯ ಅಳತೆಗೋಲು ಸಂದರ್ಶಕರ ಸಂಖ್ಯೆಯಾಗಬಾರದು. ಹಾಡು ಹೆಸರಿಸುವ ಲೋಕ ಹಾಡುಗಾರರ ಕೈಯಲ್ಲಿ ಎಷ್ಟಿದೆ ಎಂಬುದಾಗಬೇಕು. ಮೌಖಿಕ ಕಾವ್ಯಗಳನ್ನು ಸಂಗ್ರಹಿಸಿ ಮುದ್ರಿಸುತ್ತ ಬಂದಿರುವ ಕನ್ನಡ ಜಾನಪದ ವಿದ್ವತ್ತಿಗೂ ಈ ಅಳತೆಗೋಲು ಅನ್ವಯಿಸುತ್ತದೆ. ಪಠ್ಯದ ಪಾಠಾಂತರಗಳನ್ನು ಗುರುತಿಸುವಷ್ಟೇ ಶ್ರದ್ಧೆಯಿಂದ, ಅದರೊಳಗಿನ ಕಾಡು ಮತ್ತು ಹೊಳೆಗಳು ಈಗ ಯಾರ ಸ್ವಾಧೀನದಲ್ಲಿವೆ ಎಂಬುದನ್ನೂ ಸಂಪಾದಕರು ದಾಖಲಿಸಬೇಕಾಗಿದೆ.