ಗೈಡು ಕಲಿಸದ ಮಾತು

ಪತ್ರಿಕೋದ್ಯಮ ಶಾಲೆಗಳ ಪ್ರವೇಶಕ್ಕೆಂದು ಮಾರುವ ಗೈಡುಗಳಲ್ಲಿ ಕೆಲವನ್ನು ನಾವು ಓದಿ ನೋಡಿದೆವು. ಗುಂಪುಚರ್ಚೆಯಲ್ಲಿ ಮೊದಲು ಬಾಯಿ ತೆರೆದವನೇ ಗೆದ್ದನೆಂಬ ಧೋರಣೆ ಅವುಗಳದು. ಸಂತೆಗಾದರೆ ಸರಿ, ವರದಿಗಾರನಿಗೆ ಕಿವಿಯೂ ಬೇಡವೆ?

ಪತ್ರಿಕಾ ಸ್ವಾತಂತ್ರ್ಯವೆಂದರೆ ಸಂವಿಧಾನದ 19ನೆಯ ವಿಧಿ ಎಂದು ಬಾಯಿಪಾಠ ಮಾಡಿಸುತ್ತಾರೆ. ಆ ವಿಧಿಯಲ್ಲಿ ಪತ್ರಿಕೆಯ ಹೆಸರೇ ಇಲ್ಲ! ವಾಕ್‌ಸ್ವಾತಂತ್ರ್ಯದಲ್ಲಿ ಅದೂ ಅಡಕವೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1950ರಲ್ಲಿ, ಮುಂಬಯಿಯ ‘ಕ್ರಾಸ್ ರೋಡ್ಸ್’ ವಾರಪತ್ರಿಕೆಗೆ ಮದರಾಸು ಸರಕಾರ ಪ್ರವೇಶ ನಿಷೇಧಿಸಿದಾಗ. ಇಷ್ಟು ಬಲ್ಲವರು ಎರಡೇ ಸಲ ಮಾತನಾಡಿದರೂ ಸಾಕು.

ಸಂದರ್ಶನದಲ್ಲಿ ಇಂಗ್ಲಿಷ್ ಪತ್ರಿಕೆಯ ಹೆಸರನ್ನೇ ಹೇಳಬೇಕೆಂಬ ಉಪದೇಶವಂತೂ ನಮಗೆ ಹಿಡಿಸಲಿಲ್ಲ. ಮನೆಗೆ ಬರುವ ಕನ್ನಡ ಪತ್ರಿಕೆಯನ್ನು ನಮ್ಮ ಮಕ್ಕಳು ಮುಚ್ಚಿಡುವುದೇಕೆ? ಕಾವೇರಿ ನೀರಿನ ಒಂದೇ ಸುದ್ದಿಗೆ ಕನ್ನಡದಲ್ಲೊಂದು, ತಮಿಳಿನಲ್ಲೊಂದು ತಲೆಬರಹ ಓದಿದ ಚೆನ್ನೈ ಹುಡುಗಿಗೆ ಹೇಳಲು ಬೇಕಾದಷ್ಟಿದೆ.