ಪುಣ್ಯಕೋಟಿಯ ಎದುರಿನ ಹುಲಿ: ‘ಗೋವಿನ ಹಾಡು’ ಮತ್ತು ಅದರ ಶಾಲಾ ಓದು

ಪೀಠಿಕೆ

ಕನ್ನಡದ ಮಕ್ಕಳು ಶಾಲೆಯಲ್ಲಿ ಮೊದಮೊದಲು ಎದುರುಗೊಳ್ಳುವ ಕಥನಗಳಲ್ಲಿ ‘ಗೋವಿನ ಹಾಡು’ ಪ್ರಮುಖವಾದುದು. ‘ಪುಣ್ಯಕೋಟಿಯ ಕಥೆ’ ಎಂದೇ ಜನಜನಿತವಾದ ಈ ಕಥನಗೀತೆಯ ಕರ್ತೃ ಅಜ್ಞಾತ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಇದರ ನಡೆ ಭಾಮಿನಿ ಷಟ್ಪದಿಯ ಲಯಕ್ಕೆ ಹತ್ತಿರವಾದುದು. ದೇಸಿ ಮಾತಿನ ನಡುವೆ ಸಂಸ್ಕೃತ ಪದಗಳೂ ಸಲೀಸಾಗಿ ಬೆರೆತಿವೆ. ಹಾಡಿಕೆ ಮತ್ತು ಬರಹ ಎರಡರ ಸಂಪರ್ಕವೂ ಇದ್ದ ಪರಿಸರದಲ್ಲಿ ಇದು ರೂಪುಗೊಂಡಿರಬೇಕೆಂದು ಊಹಿಸಲು ಈ ಲಕ್ಷಣಗಳು ಎಡೆಮಾಡಿಕೊಡುತ್ತವೆ.

ತರಗತಿಯಲ್ಲಿ ಈ ಹಾಡಿನ ವಿಶ್ಲೇಷಣೆ ಒಂದು ಸಿದ್ಧ ಚೌಕಟ್ಟಿನಲ್ಲಿ ನಡೆಯುತ್ತದೆ. ‘ಯಾರು ಯಾರಿಗೆ ಹೇಳಿದರು?’, ‘ಪುಣ್ಯಕೋಟಿಯ ಗುಣಸ್ವಭಾವವನ್ನು ವಿವರಿಸಿ’, ‘ಈ ಪದ್ಯದ ನೀತಿಯೇನು?’ ಎಂಬಂಥ ಪ್ರಶ್ನೆಗಳಿಗೆ ಹಸು ಸತ್ಯದ ಸಂಕೇತ, ಹುಲಿ ಕ್ರೌರ್ಯದ ಸಂಕೇತ, ಸತ್ಯಕ್ಕೆ ಜಯ ಎಂಬುದೇ ಆಶಯ ಎಂಬ ಉತ್ತರಗಳು ಸಿದ್ಧವಾಗಿರುತ್ತವೆ. ಇವು ತಪ್ಪಲ್ಲ. ಆದರೆ ಹಾಡನ್ನು ಕೇಳಿದ ಮಗುವಿನ ಮನಸ್ಸಿನಲ್ಲಿ ಸಹಜವಾಗಿ ಏಳುವ ‘ಹಾಗಾದರೆ ಹುಲಿ ಏಕೆ ಸತ್ತಿತು?’ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಕೇಂದ್ರವಾಗಿಟ್ಟುಕೊಂಡು ಹಾಡಿನ ಪಾತ್ರ, ಆಶಯ ಮತ್ತು ಸಂಕೇತಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಾತ್ರಗಳು: ನಂಬಿಕೆಯ ಮೊದಲ ಹೆಜ್ಜೆ

ಕಥೆಯ ಹಂದರ ಸರಳವಾದುದು. ಕಾಳಿಂಗನೆಂಬ ಗೊಲ್ಲನ ಮಂದೆಯ ಹಸು ಪುಣ್ಯಕೋಟಿ ಕಾಡಿನಿಂದ ಮರಳುವಾಗ ಅರ್ಬುತನೆಂಬ ಹುಲಿಗೆ ಸಿಕ್ಕಿಬೀಳುತ್ತದೆ. ಕರುವಿಗೆ ಹಾಲುಣಿಸಿ ಹಿಂದಿರುಗುವೆನೆಂದು ಮಾತು ಕೊಟ್ಟು ದೊಡ್ಡಿಗೆ ಬರುತ್ತದೆ. ಕರುವನ್ನು ತನ್ನ ಒಡನಾಡಿ ಹಸುಗಳಿಗೆ ಒಪ್ಪಿಸಿ, ಮಾತಿನಂತೆ ಹುಲಿಯ ಗುಹೆಗೆ ಮರಳುತ್ತದೆ. ಹುಲಿ ಅದನ್ನು ತಿನ್ನಲಾರದೆ ಪ್ರಾಣ ಬಿಡುತ್ತದೆ.

ಹಸು ಮರಳಿ ಬಂದದ್ದರ ಮೇಲೆಯೇ ಶಾಲಾ ಓದಿನ ಗಮನವೆಲ್ಲ ಕೇಂದ್ರೀಕೃತವಾಗಿದೆ. ಆದರೆ ಅದು ಮರಳುವುದಕ್ಕೆ ಮೊದಲು ಹುಲಿ ಅದನ್ನು ಬಿಟ್ಟುಕೊಡಬೇಕಾಯಿತು ಎಂಬುದು ಗಮನಾರ್ಹ. ಹಸಿದ ಹೊತ್ತಿನಲ್ಲಿ ಕೈಗೆ ಸಿಕ್ಕಿದ ಆಹಾರವನ್ನು ಬಿಟ್ಟರೆ ಅದು ಮರಳುತ್ತದೆಂಬ ಭರವಸೆಯೇನು ಎಂಬ ಸಂದೇಹವನ್ನು ಹುಲಿ ಸ್ಪಷ್ಟವಾಗಿ ಮುಂದಿಡುತ್ತದೆ. ಆ ಸಂದೇಹ ನ್ಯಾಯವಾದುದೇ. ಹಾಗಿದ್ದೂ ಬರಿಯ ಮಾತೊಂದನ್ನು ನಂಬಿ ಅದು ಹಸುವನ್ನು ಕಳಿಸಿಕೊಡುತ್ತದೆ. ಹೀಗಾಗಿ ಕಥೆಯಲ್ಲಿ ನಷ್ಟದ ಸಾಧ್ಯತೆಯನ್ನು ಮೊದಲು ಮೈಮೇಲೆ ಎಳೆದುಕೊಳ್ಳುವುದು ಹಸುವಲ್ಲ, ಹುಲಿ. ಅದು ನಂಬದೆ ಹೋಗಿದ್ದರೆ ಪುಣ್ಯಕೋಟಿಯ ಸತ್ಯವು ಪರೀಕ್ಷೆಗೇ ಒಳಗಾಗುತ್ತಿರಲಿಲ್ಲ. ಕೇವಲ ಕ್ರೌರ್ಯದ ಸಂಕೇತವಾಗಿ ಹುಲಿಯನ್ನು ಓದುವವರಿಗೆ ಈ ಪ್ರಸಂಗ ತೊಡಕಾಗುತ್ತದೆ.

ಆಶಯ: ಸತ್ಯದಿಂದ ನಂಟಿನೆಡೆಗೆ

ಹಾಡಿನ ಉದ್ದಕ್ಕೂ ನಂಟಸ್ತಿಕೆಯ ಪರಿಭಾಷೆ ಹರಡಿಕೊಂಡಿದೆ. ಸತ್ಯವನ್ನು ಪುಣ್ಯಕೋಟಿ ತನ್ನ ತಾಯಿ, ತಂದೆ, ಬಂಧುಬಳಗವೆಂದು ಸಾರುತ್ತದೆ. ದೊಡ್ಡಿಗೆ ಬಂದಾಗ ಕರು ಕೇಳುವ ಪ್ರಶ್ನೆಗಳೂ ಇದೇ ಬಗೆಯವು: ಇನ್ನು ಯಾರ ಹಾಲು ಕುಡಿಯಬೇಕು, ಯಾರನ್ನು ಸೇರಿ ಬದುಕಬೇಕು? ತಾಯಿ ಇದಕ್ಕೆ ನೀತಿಬೋಧೆಯ ಉತ್ತರ ಕೊಡುವುದಿಲ್ಲ. ಮಂದೆಯ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಈ ತಬ್ಬಲಿ ನಿಮ್ಮದೇ ಕರು ಎಂದು ಒಪ್ಪಿಸುತ್ತದೆ. ಹಾಗೆ ಒಪ್ಪಿಸಿದ ಮೇಲೆಯೇ ಅದು ಕಾಡಿಗೆ ಹೊರಡುವುದು.

ಕೊನೆಗೆ ಹುಲಿಯೂ ಇದೇ ಪರಿಭಾಷೆಯನ್ನು ಬಳಸುತ್ತದೆ. ಎದುರು ನಿಂತ ಹಸುವನ್ನು ಅದು ತನ್ನ ಒಡಹುಟ್ಟಿದ ಅಕ್ಕನೆಂದು ಕರೆಯುತ್ತದೆ. ‘ಯಾರು ಯಾರಿಗೆ ಹೇಳಿದರು?’ ಎಂಬ ತರಗತಿಯ ಪ್ರಶ್ನೆಗೆ ನಿಜವಾದ ಬೆಲೆ ಬರುವುದು ಈ ಮಾತಿನಲ್ಲಿ. ದೊಡ್ಡಿಯೊಳಗೆ ಹಸುಗಳ ನಡುವೆ ಮಾತ್ರ ಚಲಾವಣೆಯಲ್ಲಿದ್ದ ನಂಟು ಈಗ ಕಾಡಿನ ಬೇಟೆಗಾರನ ಬಾಯಲ್ಲಿ ಬರುತ್ತದೆ. ಒಮ್ಮೆ ಅಕ್ಕನೆಂದು ಕರೆದ ಮೇಲೆ ತಿನ್ನುವುದು ಸಾಧ್ಯವಿಲ್ಲ. ತಿನ್ನದೆ ಬದುಕುವುದು ಹುಲಿಯ ಹುಟ್ಟಿನಲ್ಲೇ ಇಲ್ಲ. ಹುಲಿ ಹುಲ್ಲು ಮೇಯಲು ಕಲಿತು ಸುಖವಾಗಿತ್ತೆಂದು ಹೇಳಿ ಕೇಳುಗರನ್ನು ಸಮಾಧಾನಪಡಿಸುವ ಹಾದಿಯನ್ನು ಹಾಡು ಹಿಡಿಯುವುದಿಲ್ಲ. ಹುಲಿಯ ಸಾವು ದುಷ್ಟತನಕ್ಕೆ ದೊರೆತ ಶಿಕ್ಷೆಯೂ ಅಲ್ಲ, ಕೇವಲ ಪಶ್ಚಾತ್ತಾಪವೂ ಅಲ್ಲ. ಹಸಿವು ಮತ್ತು ನಂಟು ಒಂದೇ ದೇಹದಲ್ಲಿ ಇರಲಾರದ ಸ್ಥಿತಿಯ ಪರಿಣಾಮ ಅದು.

ತೌಲನಿಕ ನೋಟ

ಹಾಡಿನ ಈ ನಿಲುವು ಎಷ್ಟು ವಿಶಿಷ್ಟವಾದುದೆಂಬುದು ಇದೇ ಆಶಯದ ಇತರ ಕಥನಗಳೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಹಸುವಿನ ಕಥೆಯಿದೆ. ಅಲ್ಲಿಯೂ ಹಸು ಮಾತು ಕೊಟ್ಟು ಕರುವನ್ನು ಕಂಡು ಮರಳುತ್ತದೆ. ಆದರೆ ಅಲ್ಲಿಯ ಹುಲಿ ವಾಸ್ತವವಾಗಿ ಪ್ರಭಂಜನನೆಂಬ ರಾಜ. ಮರಿಗೆ ಹಾಲೂಡುತ್ತಿದ್ದ ಹರಿಣಿಯನ್ನು ಕೊಂದ ಪಾಪಕ್ಕೆ ಶಾಪಗ್ರಸ್ತನಾದವನು. ನಂದೆಯ ಹೆಸರು ಕೇಳಿದೊಡನೆ ಅವನಿಗೆ ಶಾಪವಿಮೋಚನೆಯಾಗುತ್ತದೆ. ಗುಜರಾತ್ ಮತ್ತು ಉತ್ತರ ಭಾರತದ ಕೆಲವೆಡೆ ಆಚರಿಸುವ ಬಹುಲಾ ಚೌತಿಯ ವ್ರತಕಥೆಯಲ್ಲಿ ಬಹುಲಾ ಎಂಬ ಹಸುವನ್ನು ತಡೆಯುವ ಸಿಂಹವು ಪರೀಕ್ಷಿಸಲು ಬಂದ ಕೃಷ್ಣನೇ ಆಗಿರುತ್ತಾನೆ.

ಈ ಎರಡರಲ್ಲೂ ಕಾಡುಮೃಗವು ಬೇರೊಬ್ಬರ ವೇಷ. ವೇಷ ಕಳಚಿದೊಡನೆ ಹಸಿವಿನ ಪ್ರಶ್ನೆಯೂ ಕಳಚಿಹೋಗುತ್ತದೆ. ಕನ್ನಡದ ಹಾಡಿನಲ್ಲಿ ಶಾಪವೂ ಇಲ್ಲ, ಅವತಾರವೂ ಇಲ್ಲ. ಹುಲಿ ಹುಲಿಯೇ. ಅದರ ಪರಿವರ್ತನೆ ಹೊರಗಿನಿಂದ ಬಂದುದಲ್ಲ, ಒಳಗಿನಿಂದ ಆದುದು. ಪರಮಾತ್ಮ ಮೆಚ್ಚನೆಂಬ ಅಳುಕು ಅದರ ಮಾತಿನಲ್ಲಿ ಸುಳಿಯುತ್ತದೆಯಾದರೂ ದೇವರು ಬಂದು ಅದನ್ನು ಉಳಿಸುವುದಿಲ್ಲ. ಪುರಾಣವು ಪವಾಡದಿಂದ ಬಗೆಹರಿಸಿದ ಬಿಕ್ಕಟ್ಟನ್ನು ಈ ಹಾಡು ಬಗೆಹರಿಸದೆ ಉಳಿಸಿಕೊಂಡಿದೆ. ಅದರ ಸತ್ವವಿರುವುದೂ ಇಲ್ಲಿಯೇ.

ಸಂಕೇತ: ಉಳಿದ ಹಸು, ಮರೆಯಾದ ಹುಲಿ

ಕಾಳಿಂಗನು ತನ್ನ ಮಂದೆಯನ್ನು ಕರೆಯುವಾಗ ಗಂಗೆ, ಗೌರಿ, ತುಂಗಭದ್ರೆ ಎಂಬ ಹೆಸರುಗಳು ಬರುತ್ತವೆ. ನದಿಯೂ ದೇವತೆಯೂ ಹಸುವೂ ಒಂದೇ ಹೆಸರಿನಲ್ಲಿ ಕೂಡುವ ಪಶುಪಾಲಕ ಲೋಕ ಇದು. ಹಾಡಿನ ಕೊನೆಯಲ್ಲಿ ಪುಣ್ಯಕೋಟಿಯು ಗೊಲ್ಲನಿಗೆ ಪ್ರತಿ ಸಂಕ್ರಾಂತಿಯಲ್ಲಿ ಕೃಷ್ಣನನ್ನು ಭಜಿಸಬೇಕೆಂದು ವಿಧಿಸುತ್ತದೆ. ಹಳೆಯ ಮೈಸೂರು ಭಾಗದಲ್ಲಿ ದನಗಳನ್ನು ತೊಳೆದು ಸಿಂಗರಿಸಿ ಕಿಚ್ಚು ಹಾಯಿಸುವ ಹಬ್ಬವೂ ಸಂಕ್ರಾಂತಿಯೇ. ದನ ಸಾಕುವವರ ವಾರ್ಷಿಕ ಆಚರಣೆಯೊಂದಕ್ಕೆ ಕಾರಣ ಹೇಳುವ ಕಥೆಯಾಗಿಯೂ ಹಾಡನ್ನು ಓದಬಹುದೆಂಬುದಕ್ಕೆ ಇದು ಆಧಾರ. ಆಯ್ದ ಪದ್ಯಗಳನ್ನಷ್ಟೇ ಓದುವ ತರಗತಿಯಲ್ಲಿ ಈ ಆವರಣ ಕಳಚಿ, ನೀತಿಯೊಂದೇ ಉಳಿಯುತ್ತದೆ.

ಆವರಣದಿಂದ ಬಿಡಿಸಿಕೊಂಡ ಸಂಕೇತ ಬೇರೆ ಬೇರೆ ಬಳಕೆಗಳಿಗೆ ಒದಗುತ್ತದೆ. ಎಸ್.ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಕಾದಂಬರಿಯು ತನ್ನ ಹೆಸರನ್ನೂ ಕಾಳಿಂಗನೆಂಬ ಪಾತ್ರನಾಮವನ್ನೂ ಈ ಹಾಡಿನಿಂದ ಪಡೆದು, ಸಂಪ್ರದಾಯ ಮತ್ತು ಆಧುನಿಕತೆಗಳ ಸಂಘರ್ಷಕ್ಕೆ ಹಸುವನ್ನು ಕೇಂದ್ರವಾಗಿಸಿತು. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತರು 1977ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. 2022ರಲ್ಲಿ ರಾಜ್ಯ ಸರ್ಕಾರವು ಗೋಶಾಲೆಗಳ ಹಸುಗಳನ್ನು ದತ್ತು ಪಡೆಯಲು ರೂಪಿಸಿದ ಯೋಜನೆಗೆ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ಈ ಎಲ್ಲ ಪಯಣದಲ್ಲಿ ಹಸು ಮುಂದೆ ಬಂದಿದೆ. ಹುಲಿಯ ಹೆಸರು ಹಾಡಿನಾಚೆ ಬಹುಮಟ್ಟಿಗೆ ಕೇಳಿಸುವುದಿಲ್ಲ.

ಹಾಗೆಂದು ಹಾಡನ್ನು ಪ್ರಶ್ನಾತೀತವೆಂದು ಭಾವಿಸಬೇಕಾಗಿಲ್ಲ. ತನ್ನನ್ನೇ ಅರ್ಪಿಸಿಕೊಳ್ಳುವ ತಾಯಿಯ ಮಾದರಿಯನ್ನು ಹೆಣ್ಣುಮಕ್ಕಳ ಮುಂದೆ ಆದರ್ಶವಾಗಿ ಇರಿಸುವ ಅಪಾಯ ಇದರಲ್ಲಿದೆ. ಕರುವಿನ ಪ್ರಶ್ನೆ ಅದಕ್ಕೆ ಹಾಡಿನೊಳಗೇ ಇರುವ ಪ್ರತಿರೋಧ. ಸತ್ಯಪಾಲನೆಯ ಬೆಲೆಯನ್ನು ಮಾತು ಕೊಡದವರೂ ತೆರಬೇಕಾಗುತ್ತದೆ ಎಂಬುದನ್ನು ಆ ಎಳೆಯ ದನಿ ನೆನಪಿಸುತ್ತದೆ. ತರಗತಿಯಲ್ಲಿ ಆ ಭಾಗ ಕರುಣರಸಕ್ಕೆ ಉದಾಹರಣೆಯಾಗಿ ಮಾತ್ರ ಮುಗಿಯಬಾರದು.

ಸಮಾರೋಪ

ಒಟ್ಟಿನಲ್ಲಿ, ಪಾತ್ರಕ್ಕೊಂದು ಗುಣ, ಪದ್ಯಕ್ಕೊಂದು ನೀತಿ ಎಂಬ ಕ್ರಮವು ಜನಪದ ಕಥನದ ಸಂಕೀರ್ಣತೆಯನ್ನು ಗ್ರಹಿಸಲು ಸಾಲದು. ‘ಗೋವಿನ ಹಾಡು’ ಸತ್ಯವನ್ನು ಒಬ್ಬರ ಸದ್ಗುಣವಾಗಿ ಅಲ್ಲ, ಆಡುವವರು ಮತ್ತು ನಂಬುವವರು ಕೂಡಿ ಉಳಿಸಿಕೊಳ್ಳುವ ನಂಟಾಗಿ ಕಾಣಿಸುತ್ತದೆ. ಆ ನಂಟಿನ ಬೆಲೆಯನ್ನು ಮುಚ್ಚಿಡುವುದೂ ಇಲ್ಲ. ಪಠ್ಯದಲ್ಲಿ ಹುಲಿಯ ಕೊನೆಯ ಮಾತುಗಳನ್ನೂ ಸಂಕ್ರಾಂತಿಯ ಭಾಗವನ್ನೂ ಪೂರ್ಣವಾಗಿ ಉಳಿಸಿ, ಅಭ್ಯಾಸದ ಪ್ರಶ್ನೆಗಳ ಸಾಲಿಗೆ ‘ಹುಲಿ ಏಕೆ ಸತ್ತಿತು?’ ಎಂಬುದನ್ನೂ ಸೇರಿಸುವುದು ಅಗತ್ಯ. ಅದಕ್ಕೆ ಒಂದೇ ಸರಿಯುತ್ತರವಿರಬೇಕಾಗಿಲ್ಲ. ಮಕ್ಕಳು ಹೇಳುವ ಉತ್ತರಗಳು ಜಾನಪದ ಸಂಶೋಧಕರಿಗೂ ಹೊಸ ಸಾಮಗ್ರಿಯಾದಾವು.