ಮೂರನೆಯ ಬಟ್ಟಲಿನ ವ್ಯಾಕರಣ

ಸುಖದ ಅತಿರೇಕವನ್ನು ಎಚ್ಚರಿಸುವ ಜಪಾನೀ ಗಾದೆಗಳ ಪೈಕಿ ಕುಡಿತದ ಗಾದೆಯೊಂದು ತನ್ನ ರಚನೆಯಿಂದಲೇ ವಿಶಿಷ್ಟವಾಗಿದೆ: ಮೊದಲ ಬಟ್ಟಲಲ್ಲಿ ಮನುಷ್ಯ ಸಾಕೆಯನ್ನು ಕುಡಿಯುತ್ತಾನೆ, ಎರಡನೆಯದರಲ್ಲಿ ಸಾಕೆ ಸಾಕೆಯನ್ನು ಕುಡಿಯುತ್ತದೆ, ಮೂರನೆಯದರಲ್ಲಿ ಸಾಕೆ ಮನುಷ್ಯನನ್ನು ಕುಡಿಯುತ್ತದೆ. 'ಸಾಕೆ' ಎಂದರೆ ಅಕ್ಕಿಯನ್ನು ಹುದುಗಿಸಿ ಮಾಡುವ ಪಾನೀಯವಾದರೂ ಜಪಾನಿಯಲ್ಲಿ ಆ ಪದ ಎಲ್ಲ ಬಗೆಯ ಮದ್ಯಕ್ಕೂ ಸಲ್ಲುತ್ತದೆ.

ಗಾದೆಯ ಬಲವಿರುವುದು ಅದರ ನೀತಿಯಲ್ಲಲ್ಲ. ಅಷ್ಟು ನೀತಿಯನ್ನು 'ಅತಿಯಾದರೆ ಅಮೃತವೂ ವಿಷ' ಎಂಬ ಕನ್ನಡದ ಮಾತೂ ಹೇಳುತ್ತದೆ. ಆದರೆ ಅದು ತೀರ್ಪನ್ನಷ್ಟೇ ಕೊಟ್ಟು, ಅಮೃತ ವಿಷವಾದ ಬಗೆಯನ್ನು ತೋರಿಸದೆ ಬಿಡುತ್ತದೆ. ಜಪಾನೀ ಗಾದೆಯಾದರೋ ಮನುಷ್ಯನೆಂಬ ಅರ್ಥದ 'ಹಿತೊ', 'ಸಾಕೆ' ಎಂಬೆರಡು ನಾಮಪದಗಳನ್ನೂ 'ನೊಮು' ಎಂಬ ಒಂದು ಕ್ರಿಯಾಪದವನ್ನೂ ಇಟ್ಟುಕೊಂಡು, ಕರ್ತೃವಿನ ಜಾಗದಲ್ಲಿದ್ದವನನ್ನು ಕರ್ಮದ ಜಾಗಕ್ಕೆ ತಳ್ಳಿಬಿಡುತ್ತದೆ. ಕನ್ನಡದಂತೆ ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ಅನುವಾದ ಸಲೀಸೆಂದು ತೋರಿದರೂ, ಕನ್ನಡದ ಕ್ರಿಯಾಪದ ಲಿಂಗವನ್ನು ಅನುಸರಿಸಿ 'ಕುಡಿಯುತ್ತಾನೆ', 'ಕುಡಿಯುತ್ತದೆ' ಎಂದು ರೂಪ ಬದಲಿಸಿ ಗುಟ್ಟನ್ನು ರಟ್ಟು ಮಾಡುತ್ತದೆ; 'ನೊಮು' ಮೂರು ಸಲವೂ ಹಾಗೆಯೇ ಉಳಿಯುವುದರಿಂದ ಯಜಮಾನಿಕೆ ಸದ್ದಿಲ್ಲದೆ ಕೈಬದಲಾಗುತ್ತದೆ. ಮಾತ್ರೆ ನುಂಗುವುದಕ್ಕೂ ಅದೇ ಕ್ರಿಯಾಪದ ಬಳಕೆಯಾಗುವುದರಿಂದ ಮೂರನೆಯ ವಾಕ್ಯದಲ್ಲಿ ಸಾಕೆ ಮನುಷ್ಯನನ್ನು ನುಂಗುತ್ತದೆ ಎಂಬ ಅರ್ಥವೂ ಅಡಗಿದೆ.

ಆ ನುಂಗುವಿಕೆಗಿಂತಲೂ ಸೂಕ್ಷ್ಮವಾದದ್ದು ನಡುವಿನ ವಾಕ್ಯ: ಅಲ್ಲಿ ಮನುಷ್ಯನೇ ಇಲ್ಲ. ಬಟ್ಟಲು ಎತ್ತಿದ ಕೈ ಅವನದೇ ಆಗಿದ್ದರೂ ಬೇಕೆನ್ನುವವನು ಅವನಲ್ಲ. ಬೀಳುವ ಮೊದಲೇ ಅವನು ಇಲ್ಲವಾಗಿರುವುದನ್ನು ಗಾದೆ ಗುರುತಿಸಿದೆ.

ಆದರೆ ಗಾದೆ ಕಾಣದೆ ಬಿಟ್ಟ ಇನ್ನೊಂದು ಕೈಯಿದೆ. ಜಪಾನಿನ ಕೂಟಗಳಲ್ಲಿ ತನ್ನ ಬಟ್ಟಲನ್ನು ತಾನೇ ತುಂಬಿಕೊಳ್ಳದೆ ಒಬ್ಬರಿಗೊಬ್ಬರು ಸುರಿಯುವ 'ಒಶಾಕು' ಎಂಬ ರೂಢಿಯಿದ್ದು, 'ತೊಕ್ಕುರಿ' ಎಂಬ ಕಿರುಗೊರಳಿನ ಹೂಜಿಯಿಂದ, ಒಂದೆರಡು ಗುಟುಕಷ್ಟೇ ಹಿಡಿಯುವ 'ಒಚೊಕೊ' ಬಟ್ಟಲಿಗೆ, ಅದು ಬರಿದಾಗುವ ಮೊದಲೇ ಪಕ್ಕದವರು ಸುರಿದುಬಿಟ್ಟರೆ ಎಷ್ಟನೆಯ ಬಟ್ಟಲೆಂಬ ಎಣಿಕೆಯೇ ನಿಲ್ಲುವುದಿಲ್ಲ. 14ನೆಯ ಶತಮಾನದ ಸನ್ಯಾಸಿ ಲೇಖಕ ಕೆಂಕೊ 'ತ್ಸುರೆಜುರೆಗುಸಾ' ಕೃತಿಯ 175ನೆಯ ಪ್ರಕರಣದಲ್ಲಿ ಒಲ್ಲೆನೆನ್ನುವವರಿಗೂ ಬಲವಂತದಿಂದ ಕುಡಿಸುವವರ ಮೇಲೆಯೇ ಮೊದಲು ಹರಿಹಾಯುತ್ತಾನೆ; ಗಾದೆಯ ಮೂರು ವಾಕ್ಯಗಳಲ್ಲಿ ಅಂಥವರ ಸುಳಿವಿಲ್ಲ. ಶಿಂಟೋ ಮದುವೆಯಲ್ಲಿ ವಧೂವರರು ಮೂರು ಬಟ್ಟಲುಗಳಿಂದ ಮೂರು ಮೂರು ಗುಟುಕು ಸಾಕೆ ಸೇವಿಸುವ 'ಸಾನ್‌ಸಾನ್‌ಕುದೊ' ವಿಧಿಯಲ್ಲಾದರೋ ಮೂರನೆಯ ಬಟ್ಟಲು ಮಂಗಳಕರವೇ ಆಗಿದೆ, ಏಕೆಂದರೆ ಎಷ್ಟು ಸುರಿಯಬೇಕೆಂಬುದು ಅಲ್ಲಿ ಮೊದಲೇ ಗೊತ್ತುಮಾಡಿದ್ದು.